ಒಂದು ಮತ ಎಲ್ಲಿ ಹೋಯಿತು?

743 ಮತ್ತು 742. ಈಚೆಗೆ ನನಗೆ ಬಂದ ಕಾಗದವೊಂದರಲ್ಲಿ ಈ ಎರಡು ಅಂಕಿಗಳ ಕೆಳಗೆ ಎರಡೆರಡು ಗೆರೆ ಎಳೆದಿತ್ತು. ಬರೆದವರು ಪ್ರಾಥಮಿಕ ಶಾಲೆಯ ಶಿಕ್ಷಕಿ, 2024ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಸಲ ಮತಗಟ್ಟೆ ಕೆಲಸಕ್ಕೆ ಹೋದವರು. ಸಂಜೆ ಮತದಾನ ಮುಗಿದಾಗ ಸಹಿ ಮಾಡಿಸಿಕೊಂಡ ರಿಜಿಸ್ಟರಿನಲ್ಲಿ 743 ಮಂದಿ, ಯಂತ್ರದಲ್ಲಿ 742 ಮತ. ‘ಒಂದ್ ಓಟು ಎಲ್ಲಿ ಹೋತ್ರೀ ಟೀಚರ್?’ ಎಂದು ಏಜೆಂಟರೊಬ್ಬರು ಕೇಳಿದರಂತೆ. ಅವರು ಜಗಳಕ್ಕೆ ಕೇಳಿದ್ದಲ್ಲ, ಗೊತ್ತಾಗದೆ ಕೇಳಿದ್ದು. ಆದರೂ ಆ ಮಾತು ಇನ್ನೂ ಕಿವಿಯಲ್ಲಿದೆ ಎಂದು ಶಿಕ್ಷಕಿ ಬರೆದಿದ್ದಾರೆ.

ಇದೇ ಪ್ರಶ್ನೆ ಮತದಾರರ ಕಡೆಯಿಂದಲೂ ನನಗೆ ಮತ್ತೆ ಮತ್ತೆ ಬರುತ್ತದೆ. ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲಾ ಮೇಷ್ಟ್ರು, 1999ರಿಂದ ಚುನಾವಣಾ ಕರ್ತವ್ಯ ಮಾಡಿಕೊಂಡು ಬಂದವನು ಎನ್ನುವುದು ಈ ಅಂಕಣ ಓದುವವರಿಗೆ ಗೊತ್ತಿದೆ. ಹಾಗಾಗಿ ಪ್ರತಿ ಚುನಾವಣೆ ಮುಗಿದ ಮೇಲೂ ಕೇಳುತ್ತಾರೆ: ಬೂತಿನ ಲೆಕ್ಕ ಒಂದು ಹೆಚ್ಚುಕಡಿಮೆ ಬಂದರೆ ಮೋಸ ನಡೆದಂತೆಯೇ? ನನ್ನ ಅನುಭವದಲ್ಲಿ ಹೇಳುವುದಾದರೆ, ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ನಡೆದಿರುವುದು ಮೋಸವಲ್ಲ, ದಣಿವು. ಆದರೆ ಅದನ್ನು ಹೇಳಿ ಸುಮ್ಮನಾದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಆ ಒಂದು ಮತ ಹೇಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕು.

ಮತಗಟ್ಟೆಯ ಕೋಣೆಯನ್ನು ನೆನಪಿಸಿಕೊಳ್ಳಿ. ಮೊದಲ ಮೇಜಿನವರು ನಿಮ್ಮ ಗುರುತಿನ ಚೀಟಿ ನೋಡಿ, ಕ್ರಮಸಂಖ್ಯೆ ಮತ್ತು ಹೆಸರನ್ನು ಗಟ್ಟಿಯಾಗಿ ಓದಿ, ಪಟ್ಟಿಯಲ್ಲಿ ಗುರುತು ಮಾಡುತ್ತಾರೆ. ಗಂಡಸಾದರೆ ಒಂದು ಗೆರೆ, ಹೆಂಗಸಾದರೆ ಗೆರೆಯ ಜೊತೆ ಕ್ರಮಸಂಖ್ಯೆಗೆ ಒಂದು ಸುತ್ತು. ಎರಡನೆಯವರು ಎಡ ತೋರುಬೆರಳಿಗೆ ಶಾಯಿ ಹಚ್ಚಿ, 17ಎ ಎಂಬ ರಿಜಿಸ್ಟರಿನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು ಚೀಟಿ ಕೊಡುತ್ತಾರೆ. ಮೂರನೆಯವರ ಮುಂದೆ ಕಂಟ್ರೋಲ್ ಯೂನಿಟ್ ಇರುತ್ತದೆ. ಅವರು ಚೀಟಿ ಪಡೆದು ‘ಬ್ಯಾಲೆಟ್’ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಒಳಗೆ ರಟ್ಟಿನ ಮರೆಯಲ್ಲಿರುವ ಯಂತ್ರ ಒಂದೇ ಒಂದು ಮತಕ್ಕೆ ಸಿದ್ಧವಾಗುತ್ತದೆ. ನೀವು ಗುಂಡಿ ಒತ್ತಿದಿರಿ, ವಿವಿಪ್ಯಾಟ್‌ನ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಂಡಿತು, ಕೆಳಗೆ ಬಿತ್ತು, ಉದ್ದನೆಯ ‘ಪೀಂ’ ಕೇಳಿತು. ಇಷ್ಟಾದರೆ ಒಂದು ಮತ.

ಈಗ ಎಂಬತ್ತು ವರ್ಷದ ಅಜ್ಜಿಯೊಬ್ಬಳು ಒಳಗೆ ಹೋದಳೆನ್ನಿ. ಗುಂಡಿಯ ಬದಲು ಚಿಹ್ನೆಯ ಚಿತ್ರದ ಮೇಲೆ ಬೆರಳೊತ್ತಿ, ಕೈಮುಗಿದು ಹೊರಗೆ ಬಂದಳು. ಪೀಂ ಕೇಳಲಿಲ್ಲ. ಆದರೆ ಅದೇ ಹೊತ್ತಿಗೆ ಬಾಗಿಲಲ್ಲಿ ಮಗುವೊಂದು ಅಳುತ್ತಿತ್ತು, ಸೆಕ್ಟರ್ ಆಫೀಸರ್ ಫೋನಿನಲ್ಲಿ ‘ಹನ್ನೊಂದು ಗಂಟೆಯ ಫಿಗರ್ ಕೊಡ್ರಿ’ ಎನ್ನುತ್ತಿದ್ದರು. ಕೆಂಪು ದೀಪ ಆರಿಲ್ಲ ಎನ್ನುವುದನ್ನು ಮೂರನೆಯವರು ಗಮನಿಸಲಿಲ್ಲ. ಮುಂದಿನ ಯುವಕ ಒಳಗೆ ಹೋದ. ಅಜ್ಜಿಗೆಂದು ತೆರೆದಿದ್ದ ಮತದಲ್ಲಿ ತನ್ನದನ್ನು ಹಾಕಿ ಬಂದ. ರಿಜಿಸ್ಟರಿನಲ್ಲಿ ಇಬ್ಬರು, ಯಂತ್ರದಲ್ಲಿ ಒಂದು. ಅಲ್ಲಿಂದ ಸಂಜೆಯವರೆಗೆ ಆ ಒಂದರ ಅಂತರ ಹಾಗೇ ಉಳಿಯುತ್ತದೆ. ಇಲ್ಲಿ ಯಾರೂ ಏನನ್ನೂ ಕದ್ದಿಲ್ಲ.

ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಅಂದರೆ 660 ನಿಮಿಷ. 743 ಮಂದಿಗೆ ಹಂಚಿದರೆ ತಲೆಗೆ ಒಂದು ನಿಮಿಷವೂ ಸಿಗುವುದಿಲ್ಲ. ಊಟಕ್ಕೆಂದು ಮತದಾನ ನಿಲ್ಲಿಸುವಂತಿಲ್ಲ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತು, ಬಿಸಿಯೂಟದ ಅಡುಗೆಯವರು ಮಾಡಿಕೊಟ್ಟ ಉಪ್ಪಿಟ್ಟನ್ನು ಐದು ನಿಮಿಷದಲ್ಲಿ ನುಂಗಿ ಬರಬೇಕು. ಜಾಗ ಬದಲಾಗುವ ಆ ಐದು ನಿಮಿಷದಲ್ಲೇ ತಪ್ಪುಗಳು ಹೆಚ್ಚು. ನಾನು ಪಿಆರ್‌ಓ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಆದ ಮೇಲೆ ಊಟದ ಹೊತ್ತಿನಲ್ಲಿ ಕಂಟ್ರೋಲ್ ಯೂನಿಟ್ ಮುಂದೆ ನಾನೇ ಕೂರುತ್ತೇನೆ, ಬೇರೆಯವರನ್ನು ಕೂರಿಸುವುದಿಲ್ಲ.

ದಣಿವು ಹಿಂದಿನ ದಿನವೇ ಶುರುವಾಗಿರುತ್ತದೆ. ಮಸ್ಟರಿಂಗ್ ಕೇಂದ್ರದಲ್ಲಿ ಮೇ ತಿಂಗಳ ಬಿಸಿಲಿಗೆ ಶಾಮಿಯಾನದ ಕೆಳಗೆ ಕೂತು ಯಂತ್ರದ ನಂಬರು, ಪಟ್ಟಿಯ ಪುಟ, ಹಸಿರು ಕಾಗದದ ಸೀಲು, ಅರಗು, ಮೇಣದಬತ್ತಿ, ಹತ್ತಾರು ಬಗೆಯ ಲಕೋಟೆ ಎಲ್ಲವನ್ನೂ ಎಣಿಸಿ, ಸರ್ಕಾರಿ ಬಸ್ಸಿನಲ್ಲಿ ಹಳ್ಳಿ ಸೇರುವಾಗ ಸಂಜೆಯಾಗಿರುತ್ತದೆ. ಶಾಲೆಯ ಬೆಂಚು ಜೋಡಿಸಿಕೊಂಡು ಮಲಗಿದರೂ ಪಕ್ಕದಲ್ಲಿ ಮತಯಂತ್ರ ಇರುವಾಗ ಪಿಆರ್‌ಓಗೆ ನಿದ್ದೆ ಎಲ್ಲಿಂದ ಬರಬೇಕು? ಸ್ನಾನಕ್ಕೆ, ಶೌಚಕ್ಕೆ ನಮ್ಮ ಹೆಣ್ಣುಮಕ್ಕಳು ಪಡುವ ಕಷ್ಟವನ್ನು ಎಲ್ಲ ಮೇಲಧಿಕಾರಿಗಳೂ ಒಮ್ಮೆ ಕಣ್ಣಾರೆ ನೋಡಬೇಕು. ಬೀಗ ಹಾಕಿದ ಶೌಚಾಲಯದ ಕೀಲಿ ಯಾರ ಹತ್ತಿರ ಇದೆ ಎಂದು ಹುಡುಕುತ್ತ ಕತ್ತಲಲ್ಲಿ ಊರೆಲ್ಲ ಅಲೆದ ಶಿಕ್ಷಕಿಯರನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಐದಕ್ಕೆ ಅವರೇ ಎಲ್ಲರಿಗಿಂತ ಮೊದಲು ಸಿದ್ಧರಾಗಿ ಕೂತಿರುತ್ತಾರೆ.

ಐದೂವರೆಗೆ ಅಣಕು ಮತದಾನ. ಏಜೆಂಟರ ಎದುರು ಕನಿಷ್ಠ ಐವತ್ತು ಮತ ಹಾಕಿ, ಯಾರಿಗೆ ಹಾಕಿದ್ದು ಯಾರಿಗೆ ಬಂತು ಎಂದು ಚೀಟಿಗಳ ಜೊತೆ ತಾಳೆ ನೋಡುವ ಕ್ರಮ ಇದು. ಮುಗಿದ ಮೇಲೆ ‘ಕ್ಲೋಸ್’, ‘ರಿಸಲ್ಟ್’, ‘ಕ್ಲಿಯರ್’ ಎಂಬ ಮೂರು ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಬೇಕು. ವಿವಿಪ್ಯಾಟ್‌ನೊಳಗೆ ಬಿದ್ದ ಚೀಟಿಗಳನ್ನು ತೆಗೆದು, ಹಿಂಬದಿಗೆ ಅಣಕು ಮತದಾನದ ಮೊಹರು ಒತ್ತಿ, ಕಪ್ಪು ಲಕೋಟೆಯಲ್ಲಿ ಹಾಕಿ ಸೀಲು ಮಾಡಬೇಕು. ಬರೆದಿಟ್ಟರೆ ನಾಲ್ಕು ಸಾಲಿನ ಕೆಲಸ. ಆದರೆ ನಿದ್ದೆಯಿಲ್ಲದ ಕಣ್ಣು, ಬಾಗಿಲಲ್ಲಿ ಆಗಲೇ ಸಾಲು, ಗಡಿಯಾರದಲ್ಲಿ ಆರು ಮುಕ್ಕಾಲು. ‘ರಿಸಲ್ಟ್’ ನೋಡಿದ ಸಮಾಧಾನದಲ್ಲಿ ‘ಕ್ಲಿಯರ್’ ಮರೆತವರು ಉಂಟು. ಹಾಗಾದಾಗ ಅಂದಿನ ನಿಜವಾದ ಮತಗಳ ಕೆಳಗೆ ಐವತ್ತು ಅಣಕು ಮತಗಳು ಉಳಿದುಬಿಡುತ್ತವೆ.

ನಾನು ಹೊಸಬರಿಗೆ ಹೇಳುವುದು ಇಷ್ಟು: ಅಂತರದ ಅಂಕಿಯೇ ಬಹಳ ಸಲ ತನ್ನ ಕಾರಣವನ್ನು ಹೇಳುತ್ತದೆ. ಯಂತ್ರದಲ್ಲಿ ಸರಿಯಾಗಿ ಐವತ್ತು ಹೆಚ್ಚಿದ್ದರೆ ಅದು ಅಣಕು ಮತದಾನದ್ದು. ಒಂದೆರಡು ಕಡಿಮೆ ಇದ್ದರೆ ಪೀಂ ಕೇಳದೆ ಹೋದವರದು. ಸಹಿ ಹಾಕಿದ ಮೇಲೆ ಮನಸ್ಸು ಬದಲಿಸಿ ಮತ ಹಾಕದೆ ಹೋಗುವ ಹಕ್ಕೂ ಮತದಾರರಿಗಿದೆ. ಅಂಥವರ ಹೆಸರಿನ ಮುಂದೆ 17ಎಯಲ್ಲಿ ಷರಾ ಬರೆದು ಸಹಿ ಪಡೆಯಬೇಕು. ಬರೆಯದೆ ಬಿಟ್ಟರೆ ಸಂಜೆ ಅದೂ ಒಂದು ಕಾಣೆಯಾದ ಮತ.

ಇವೆಲ್ಲ ಲೆಕ್ಕದ ತಪ್ಪುಗಳು, ಲೆಕ್ಕದಲ್ಲೇ ಹುಡುಕಬಹುದು. ಲೆಕ್ಕಕ್ಕೆ ಸಿಗದ ತಪ್ಪೊಂದನ್ನು ನಾನೇ ಮಾಡಿದ್ದೇನೆ. ಅದನ್ನು ಇದುವರೆಗೆ ಎಲ್ಲೂ ಬರೆದಿರಲಿಲ್ಲ.

ಬಹಳ ವರ್ಷಗಳ ಹಿಂದಿನ ಮಾತು. ನಾನು ಮೊದಲ ಮೇಜಿನಲ್ಲಿದ್ದೆ, ಗುರುತು ಮಾಡುವ ಪಟ್ಟಿ ನನ್ನ ಕೈಯಲ್ಲಿತ್ತು. ಒಂದೇ ಮನೆತನದ, ಒಂದೇ ಹೆಸರಿನ ಇಬ್ಬರು ಹೆಣ್ಣುಮಕ್ಕಳು ಒಂದೇ ಪುಟದಲ್ಲಿದ್ದರು. ಗಂಡಂದಿರ ಹೆಸರಷ್ಟೇ ಬೇರೆ. ಬೆಳಿಗ್ಗೆ ಒಬ್ಬಾಕೆ ಬಂದು ಮತ ಹಾಕಿ ಹೋದರು. ಮಧ್ಯಾಹ್ನ ಇನ್ನೊಬ್ಬರು, ವಯಸ್ಸಾದವರು, ಹೊಲದಿಂದ ನೇರವಾಗಿ ಬಂದರು. ನೋಡಿದರೆ ಅವರ ಕ್ರಮಸಂಖ್ಯೆಗೆ ಆಗಲೇ ಸುತ್ತು ಬಿದ್ದಿದೆ. ‘ಯವ್ವಾ, ನಿಮ್ಮ ಓಟು ಆಗೇತಲ್ಲ’ ಅಂದೆ. ಆಕೆ ತಮ್ಮ ಎಡಗೈ ಮುಂದೆ ಚಾಚಿ ತೋರಿಸಿದರು. ಬೆರಳಲ್ಲಿ ಶಾಯಿ ಇರಲಿಲ್ಲ, ಮಣ್ಣಿತ್ತು. ‘ಎಲ್ಲೈತೋ ಎಪ್ಪಾ ಮಸಿ? ನಾ ಈಗ ಬಂದೇನಿ’ ಅಂದರು.

ಇಂಥ ಸಂದರ್ಭಕ್ಕೆ ನಿಯಮ ಇದೆ. ನಿಮ್ಮ ಹೆಸರಿನಲ್ಲಿ ಆಗಲೇ ಮತ ಬಿದ್ದಿದ್ದು, ನೀವು ನಿಜವಾದ ಮತದಾರರೆಂದು ಪಿಆರ್‌ಓಗೆ ಖಾತ್ರಿಯಾದರೆ ಟೆಂಡರ್ಡ್ ಮತಪತ್ರ ಕೊಡುತ್ತಾರೆ. ಅದು ಕಾಗದದ ಮತ, ಯಂತ್ರಕ್ಕೆ ಹೋಗುವುದಿಲ್ಲ, ಬೇರೆ ಲಕೋಟೆ ಸೇರುತ್ತದೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಚುನಾವಣಾ ತಕರಾರು ನ್ಯಾಯಾಲಯಕ್ಕೆ ಹೋಗಿ ಅಲ್ಲಿ ಆದೇಶವಾದರೆ ಮಾತ್ರ ಆ ಲಕೋಟೆ ತೆರೆಯುವ ಪ್ರಶ್ನೆ. ಆಕೆಗೆ ಅದನ್ನೇ ಕೊಟ್ಟೆವು. ಕಾಗದದ ಮೇಲೆ ಮೊಹರು ಒತ್ತಿ, ಹಳೇ ಕಾಲದ ಹಾಗೆ ಮಡಚಿ ಕೊಟ್ಟು, ಸಂತೋಷದಿಂದಲೇ ಹೋದರು.

ಸಂಜೆ ಪಟ್ಟಿಯ ಪುಟಗಳನ್ನು ಎಣಿಸುವಾಗ ಅದೇ ಹೆಸರಿನ ಇನ್ನೊಂದು ಸಾಲು ಖಾಲಿ ಇತ್ತು. ‘ಆಕೀ ಮುಂಜಾನೇನ ಹಾಕಿ ಹೋದ್ಲಲ್ರೀ ಮಾಸ್ತರ, ನಾ ಇಲ್ಲೇ ಕುಂತಿದ್ದೆ’ ಎಂದರು ಏಜೆಂಟರು. ಆಗ ತಿಳಿಯಿತು. ಬೆಳಿಗ್ಗೆ ಬಂದಾಕೆಯ ಸುತ್ತನ್ನು ನಾನು ಕೆಳಗಿನ ಸಾಲಿಗೆ ಹಾಕಿಬಿಟ್ಟಿದ್ದೆ. ಯಾರೂ ಕಳ್ಳ ಮತ ಹಾಕಿರಲಿಲ್ಲ. ಆ ತಾಯಿಯ ಮತ ಎಣಿಕೆಗೆ ಸೇರದೆ ಹೋಗಿದ್ದು ನನ್ನ ಪೆನ್ನಿನಿಂದ. ಮಧ್ಯಾಹ್ನ ಎರಡು ನಿಮಿಷ ನಿಂತು ಅದೇ ಪುಟವನ್ನು ಮೇಲೆ ಕೆಳಗೆ ನೋಡಿದ್ದರೆ, ಏಜೆಂಟರನ್ನೊಮ್ಮೆ ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಸಾಲು ಉದ್ದವಿತ್ತು, ನಾನು ಅವಸರ ಮಾಡಿದೆ. ಆ ರಾತ್ರಿ ಪಿಆರ್‌ಓ ಡೈರಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಸಿ ಕೆಳಗೆ ಸಹಿ ಮಾಡಿದೆ. ಅದರಿಂದ ಅವರ ಮತವೇನೂ ಮರಳಿ ಬರಲಿಲ್ಲ. ಅಂದಿನಿಂದ ನಾನು ಹೆಸರನ್ನು ಓದುವಾಗ ಗಂಡನ ಅಥವಾ ತಂದೆಯ ಹೆಸರನ್ನೂ ಮನೆ ನಂಬರನ್ನೂ ಗಟ್ಟಿಯಾಗಿ ಓದುತ್ತೇನೆ. ಸಾಲಿನಲ್ಲಿ ನಿಂತವರು ತಡವಾಯಿತೆಂದು ಗೊಣಗಿದರೂ ಓದುತ್ತೇನೆ.

ಒಂದು ಮತವಷ್ಟೇ ತಾನೆ ಎಂದು ಕರ್ನಾಟಕದಲ್ಲಿ ಯಾರೂ ಹೇಳುವಂತಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ. ಇಂಥ ಕ್ಷೇತ್ರದ ಯಾವುದೋ ಮತಗಟ್ಟೆಯಲ್ಲಿ ಒಬ್ಬ ಮೇಷ್ಟ್ರು ಒಂದು ಸುತ್ತನ್ನು ಒಂದು ಸಾಲು ಕೆಳಗೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದಾಗೆಲ್ಲ ನನಗೆ ಆ ಮಣ್ಣಿನ ಬೆರಳು ನೆನಪಾಗುತ್ತದೆ.

ಹಾಗೆಂದು ಕಾನೂನು ನಮ್ಮನ್ನು ತಪ್ಪೇ ಮಾಡದವರೆಂದು ಎಣಿಸಿಲ್ಲ. ಇದು ನನಗೆ ತಡವಾಗಿ ಅರ್ಥವಾದ ವಿಷಯ. 1999ರಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ನಡೆದಾಗ ನಮ್ಮದಿನ್ನೂ ಮತಪತ್ರ, ಮತಪೆಟ್ಟಿಗೆಯ ಕಾಲ. ಪ್ರತಿ ಮತಪತ್ರದ ಹಿಂದೆ ಮತಗಟ್ಟೆಯ ಗುರುತಿನ ಮೊಹರು, ಪಿಆರ್‌ಓ ಸಹಿ ಇರಬೇಕು. ಇಲ್ಲದಿದ್ದರೆ ಎಣಿಕೆಯಲ್ಲಿ ತಿರಸ್ಕೃತ. ನೂರಾರು ಸಹಿ ಹಾಕುವಾಗ ಎರಡು ಹಾಳೆ ಅಂಟಿಕೊಂಡು ಒಂದು ತಪ್ಪಿಹೋದರೆ ಗತಿಯೇನು ಎಂದು ನಡುಗಿದ್ದೆವು. ಆದರೆ 1961ರ ಚುನಾವಣಾ ನಿಯಮಗಳಲ್ಲಿ ಅದಕ್ಕೊಂದು ವಿನಾಯಿತಿ ಇತ್ತು: ಆ ಕೊರತೆ ಮತಗಟ್ಟೆ ಸಿಬ್ಬಂದಿಯ ತಪ್ಪಿನಿಂದಲೇ ಆದದ್ದೆಂದು ಚುನಾವಣಾಧಿಕಾರಿಗೆ ಮನವರಿಕೆಯಾದರೆ, ಅದೊಂದೇ ಕಾರಣಕ್ಕೆ ಮತವನ್ನು ತಿರಸ್ಕರಿಸುವಂತಿಲ್ಲ. ಸಿಬ್ಬಂದಿಯ ಮರೆವಿಗೆ ಮತದಾರ ದಂಡ ತೆರಬಾರದು ಎಂದು ನಿಯಮ ಬರೆದವರಿಗೆ ಆಗಲೇ ಹೊಳೆದಿತ್ತು. ಅವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಈಗಿನ 17ಸಿ ನಮೂನೆಯಲ್ಲೂ ಅದೇ ತಿಳಿವಳಿಕೆ ಕಾಣುತ್ತದೆ. ಮತಗಳ ಲೆಕ್ಕ ಬರೆದು ಏಜೆಂಟರಿಗೂ ಪ್ರತಿ ಕೊಡುವ ಹಾಳೆ ಅದು. ರಿಜಿಸ್ಟರಿನ ಮೊತ್ತ ಎಷ್ಟು, ಸಹಿ ಮಾಡಿ ಮತ ಹಾಕದವರು ಎಷ್ಟು, ಯಂತ್ರದ ಮೊತ್ತ ಎಷ್ಟು ಎಂದು ಕೇಳಿದ ಮೇಲೆ, ಇವು ತಾಳೆಯಾಗುತ್ತವೆಯೇ ಅಥವಾ ವ್ಯತ್ಯಾಸ ಕಂಡಿದೆಯೇ ಎಂದು ಅದೇ ಹಾಳೆ ಕೇಳುತ್ತದೆ. ವ್ಯತ್ಯಾಸ ಬರೆಯಲು ಸರ್ಕಾರವೇ ಜಾಗ ಬಿಟ್ಟಿದೆ. ಆ ಜಾಗವನ್ನು ಖಾಲಿ ತೋರಿಸುವ ಆಸೆಗೆ ರಿಜಿಸ್ಟರನ್ನು ತಿದ್ದಿದರೆ, ಪ್ರಾಮಾಣಿಕ ತಪ್ಪು ಅಲ್ಲಿಗೆ ಮುಗಿಯಿತು, ಅಪರಾಧ ಶುರುವಾಯಿತು.

ಸಂಜೆ ಆರು ಗಂಟೆಯ ನಿಯಮವನ್ನೂ ಹೇಳಬೇಕು, ನನಗೆ ಬಹಳ ಪ್ರಿಯವಾದದ್ದು. ಆರಕ್ಕೆ ಸಾಲಿನಲ್ಲಿ ಇರುವವರಿಗೆಲ್ಲ ಮತದ ಹಕ್ಕಿದೆ. ಪಿಆರ್‌ಓ ಸಹಿ ಮಾಡಿದ ಚೀಟಿ ಹಂಚುತ್ತಾರೆ, ಆದರೆ ಸಾಲಿನ ಬಾಲದಿಂದ. ಕೊನೆಯಲ್ಲಿ ನಿಂತವರಿಗೆ ಒಂದನೇ ನಂಬರು. ಹಾಗೆ ಮಾಡಿದರೆ ಆಮೇಲೆ ಓಡಿಬಂದು ಸೇರಿಕೊಳ್ಳಲು ಯಾರಿಗೂ ಜಾಗವಿರುವುದಿಲ್ಲ. ಮುಂದಿನಿಂದ ಹಂಚತೊಡಗಿ ಹಿಂದಿನ ಬಾಲ ಬೆಳೆಯುತ್ತಲೇ ಹೋಗಿ ಜಗಳವಾದದ್ದನ್ನು ನೋಡಿದವನು ನಾನು. ಕೊನೆಯವರು ಮತ ಹಾಕಿದ ಮೇಲೆ ‘ಕ್ಲೋಸ್’ ಗುಂಡಿ. ಇಡೀ ದಿನ ಸರಿಯಾಗಿ ಮಾಡಿದವರು ಈ ಒಂದನ್ನು ಮರೆತು ಯಂತ್ರವನ್ನು ಪೆಟ್ಟಿಗೆಗೆ ಹಾಕಿಬಿಟ್ಟರೆ, ಎಣಿಕೆಯ ದಿನ ಅದು ಫಲಿತಾಂಶವನ್ನೇ ತೋರಿಸುವುದಿಲ್ಲ. ಆ ಮೇಜಿನ ಸುತ್ತ ಆಗ ಏಳುವ ಕೂಗಾಟದಲ್ಲಿ ಮೊದಲ ಅನುಮಾನ ಬೀಳುವುದು ಅಲ್ಲಿಲ್ಲದ ಪಿಆರ್‌ಓ ಮೇಲೆ.

ರಾತ್ರಿಯ ತಪ್ಪುಗಳು ಇನ್ನೂ ಅಪಾಯಕಾರಿ, ಏಕೆಂದರೆ ಆಗ ನೋಡುವ ಕಣ್ಣುಗಳಿರುವುದಿಲ್ಲ. 2021ರ ಏಪ್ರಿಲ್ 1ರಂದು ಅಸ್ಸಾಮಿನ ರತಾಬಾರಿ ಕ್ಷೇತ್ರದ ಒಂದು ಮತಗಟ್ಟೆಯ ತಂಡ ಮತಯಂತ್ರದೊಂದಿಗೆ ವಾಪಸ್ಸಾಗುತ್ತಿತ್ತು. ದಾರಿಯಲ್ಲಿ ವಾಹನ ಕೆಟ್ಟಿತು. ತಂಡ ಆ ದಾರಿಯಲ್ಲಿ ಹೋಗುತ್ತಿದ್ದ ಕಾರೊಂದನ್ನು ಹತ್ತಿತು. ಆ ಕಾರು ಪಕ್ಕದ ಕ್ಷೇತ್ರದ ಅಭ್ಯರ್ಥಿಯೊಬ್ಬರ ಕುಟುಂಬದ್ದು ಎಂದು ಗೊತ್ತಾದದ್ದು ಜನ ಅಡ್ಡಗಟ್ಟಿದಾಗ. ಯಂತ್ರದ ಸೀಲುಗಳು ಒಡೆದಿರಲಿಲ್ಲ ಎಂದು ಚುನಾವಣಾ ಆಯೋಗವೇ ಹೇಳಿತು. ಆದರೂ ಅಲ್ಲಿ ಮರುಮತದಾನಕ್ಕೆ ಆದೇಶಿಸಿತು, ಸಿಬ್ಬಂದಿಯನ್ನು ಅಮಾನತು ಮಾಡಿತು. ಆಯೋಗ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಕತ್ತಲ ರಸ್ತೆಯಲ್ಲಿ, ಕೆಟ್ಟ ವಾಹನದ ಪಕ್ಕ, ಯಂತ್ರವನ್ನು ಎದೆಗವಚಿಕೊಂಡು ನಿಂತವರ ದಿಗಿಲು ನನಗೆ ಗೊತ್ತು. ಬದಲಿ ವಾಹನ ತಕ್ಷಣ ಬರುತ್ತದೆ ಎಂಬ ಭರವಸೆ ಅವರಿಗಿದ್ದಿದ್ದರೆ ಅಲ್ಲೇ ಕಾಯುತ್ತಿದ್ದರೇನೋ.

ನಮ್ಮ ತರಬೇತಿಯಲ್ಲಿ ಯಂತ್ರ ಜೋಡಿಸುವುದನ್ನು ಚೆನ್ನಾಗಿ ಕಲಿಸುತ್ತಾರೆ. ವಿವಿಪ್ಯಾಟ್ ಮೇಲೆ ನೇರ ಬೆಳಕು ಬೀಳಬಾರದು, ಕೇಬಲ್ ತೆಗೆಯುವ ಮೊದಲು ಸ್ವಿಚ್ ಆರಿಸಬೇಕು, ಶಾಯಿಯ ಪುಟ್ಟ ಬಾಟಲಿ ಉರುಳದಂತೆ ಮರಳು ತುಂಬಿದ ಬಟ್ಟಲಲ್ಲಿ ನಿಲ್ಲಿಸಬೇಕು, ಎಲ್ಲವೂ ಬರುತ್ತದೆ. ತಪ್ಪಾದ ಮೇಲೆ ಏನು ಮಾಡಬೇಕು ಎನ್ನುವುದಕ್ಕೆ ಮಾತ್ರ ಕೊನೆಯ ಹತ್ತು ನಿಮಿಷ, ಅದೂ ನೋಟಿಸು ಮತ್ತು ಅಮಾನತಿನ ಮಾತಿನಲ್ಲಿ. ನನ್ನ ಕೈಯಲ್ಲಿದ್ದರೆ ಅರ್ಧ ದಿನವನ್ನು ಅದಕ್ಕೇ ಕೊಡುತ್ತಿದ್ದೆ. ಹೆದರಿದವರು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಒಂದು ಮತ ಎಣಿಕೆಯ ದಿನ ಊರಿನ ಅನುಮಾನವಾಗಿ ಹೊರಬರುತ್ತದೆ. ಹಾಗೆಯೇ ಮತದಾರರಿಗೆ ತೋರಿಸಲೆಂದು ಕೊಡುವ ರಟ್ಟಿನ ಮಾದರಿ ಯಂತ್ರವನ್ನು ಚೀಲದಿಂದ ಹೊರಗೆ ತೆಗೆದು, ಸಾಲಿನಲ್ಲಿರುವ ವಯಸ್ಸಾದವರಿಗೆ ‘ಇಲ್ಲಿ ಒತ್ರಿ, ಚಿತ್ರದ ಮ್ಯಾಲಲ್ಲ, ಪೀಂ ಅನ್ನೋತನಕ ನಿಲ್ರಿ’ ಎಂದು ತೋರಿಸಿ. ಬಹಳಷ್ಟು ತಂಡಗಳಲ್ಲಿ ಅದು ಚೀಲದಲ್ಲೇ ಹೋಗಿ ಚೀಲದಲ್ಲೇ ಬರುತ್ತದೆ.

ಕಾಗದ ಬರೆದ ಶಿಕ್ಷಕಿಯ ವಿಷಯಕ್ಕೆ ಬರುತ್ತೇನೆ. ಅಂದು ಕಂಟ್ರೋಲ್ ಯೂನಿಟ್ ಮುಂದೆ ಕೂತಿದ್ದವರು ಅವರೇ. ರಿಜಿಸ್ಟರಿನಲ್ಲಿ ಒಂದು ಸಹಿ ಹೊಡೆದುಹಾಕಿ 742 ಮಾಡಿಬಿಡೋಣ ಎಂಬ ಮಾತು ತಂಡದೊಳಗೇ ಬಂದಿತ್ತಂತೆ. ಇವರು ಬೇಡವೆಂದರು. ‘ಮಧ್ಯಾಹ್ನ ಊಟದ ಹೊತ್ತಿನಲ್ಲಿ ದೀಪ ಆರುವ ಮೊದಲೇ ಒಬ್ಬರು ಹೊರಬಂದಿರಬಹುದು, ನಾನು ಗಮನಿಸಲಿಲ್ಲ’ ಎಂದು ತಾವೇ ಹೇಳಿ ಡೈರಿಯಲ್ಲಿ ಬರೆಸಿದರು. 17ಸಿಯಲ್ಲಿ ಎರಡೂ ಅಂಕಿಗಳನ್ನು ನಮೂದಿಸಿ, ಕೇಳಿದ ಏಜೆಂಟರ ಕೈಗೇ ಮೊದಲ ಪ್ರತಿ ಕೊಟ್ಟರು. ಯಂತ್ರ ಮರಳಿಸುವ ಡಿಮಸ್ಟರಿಂಗ್ ಕೇಂದ್ರದಲ್ಲಿ ರಾತ್ರಿ ಹನ್ನೊಂದಕ್ಕೆ ಕೌಂಟರಿನವರು ಆ ಸಾಲನ್ನು ಎರಡು ಸಲ ಓದಿ, ಡೈರಿಯ ಜೊತೆ ತಾಳೆ ನೋಡಿ, ‘ಸರಿ, ಮುಂದಿನ ಕವರ್ ಕೊಡ್ರಿ’ ಎಂದರಂತೆ.

‘ಇನ್ನೇನು ಮಾಡಬೇಕಿತ್ತು ಸರ್?’ ಎಂದು ಕೇಳಿದ್ದಾರೆ. ಇನ್ನೇನೂ ಇಲ್ಲ ತಂಗಿ, ಮಾಡಬೇಕಾದ್ದೆಲ್ಲ ಮಾಡಿದ್ದೀರಿ. ಆ 743ನೆಯವರು ಯಾರೆಂದು ತಿಳಿಯುವ ದಾರಿ ನಿಮಗೂ ಇಲ್ಲ, ನನಗೂ ಇಲ್ಲ. ಬೆರಳ ಶಾಯಿ ಒಣಗುವ ಮುಂಚೆ, ಓಟು ಹಾಕಿ ಬಂದೆ ಎಂದು ಮನೆಯವರಿಗೆಲ್ಲ ಹೇಳಿ, ಅವರು ತಮ್ಮ ಕೆಲಸಕ್ಕೆ ಹೋಗಿರುತ್ತಾರೆ.